ಸಣ್ಣ ದೋಣಿಗಳಿಗೆ ಬಿಲ್ಜ್ ಪಂಪು: ಡಬ್ಬಿಯ ಮೇಲಿನ ಅಂಕಿ ಮತ್ತು ದೋಣಿಯೊಳಗಿನ ವಾಸ್ತವ

ಮೀನುಗಾರಿಕಾ ದೋಣಿಯ ಖರ್ಚುವೆಚ್ಚದ ಮಾತು ಬಂದಾಗ ಡೀಸೆಲ್, ಮಂಜುಗಡ್ಡೆ, ಬಲೆ, ಎಂಜಿನ್ ಇವುಗಳ ಬಗೆಗೆ ದೀರ್ಘವಾದ ಚರ್ಚೆ ನಡೆಯುತ್ತದೆ. ದೋಣಿಯ ತಳದ ಕೊಳಕು ನೀರಿನಲ್ಲಿ ಮುಳುಗಿ ಕುಳಿತಿರುವ, ಎರಡು ಮುಷ್ಟಿ ಗಾತ್ರದ ಪಂಪಿನ ಕುರಿತು ಯಾರೂ ಮಾತನಾಡುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಬಂದರು ಪೇಟೆಗಳ ಅಂಗಡಿಗಳಲ್ಲಿ ಅದು ಹಗ್ಗ, ಬಣ್ಣ, ನಟ್ಟು-ಬೋಲ್ಟುಗಳ ಸಾಲಿನಲ್ಲಿ ಮಾರಾಟವಾಗುವ ಒಂದು ಚಿಲ್ಲರೆ ಸಾಮಗ್ರಿ. ಗ್ರಾಹಕ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಗ್ಯಾಲನ್? ಎಷ್ಟು ರೂಪಾಯಿ? ವರ್ತಕರು ಅಷ್ಟಕ್ಕೆ ಉತ್ತರಿಸಿ ಬಿಲ್ಲು ಬರೆಯುವುದು ರೂಢಿ. ಈ ಎರಡು ಉತ್ತರಗಳಿಂದ ಪಂಪಿನ ವಿಶ್ವಾಸಾರ್ಹತೆಯನ್ನು ಅಳೆಯಲಾಗದು ಎಂಬುದನ್ನು ಲೆಕ್ಕಾಚಾರ ಸಹಿತ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಂಪು ಮಾರುವ ವರ್ತಕರಿಗೆ, ಫೈಬರ್ ದೋಣಿ ಕಟ್ಟುವ ಘಟಕಗಳಿಗೆ, ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೆಗಳಿಗೆ ಈ ವಿಚಾರ ಸಮಾನವಾಗಿ ಸಂಬಂಧಿಸಿದುದಾಗಿದೆ.

ನೀರು ಬರುವ ದಾರಿಗಳು

ಬಿಲ್ಜ್ ಎಂದರೆ ದೋಣಿಯ ತಳದ ಅತ್ಯಂತ ತಗ್ಗಿನ ಭಾಗ. ಒಳಗೆ ಬಂದ ನೀರೆಲ್ಲ ಕೊನೆಗೆ ಸೇರುವುದು ಅಲ್ಲಿಗೆ. ಮರದ ದೋಣಿಯಲ್ಲಿ ಹಲಗೆಗಳ ಸಂದಿನಿಂದ ನೀರು ಜಿನುಗುತ್ತದೆ. ಎಂಜಿನ್ ಕೆಳಗಡೆ ಕೂರಿಸಿದ ಬೋಟುಗಳಲ್ಲಿ ಪ್ರೊಪೆಲರ್ ದಂಡವು ಹೊರಹೋಗುವ ಕಡೆ ಇರುವ ಗ್ಲ್ಯಾಂಡಿನಿಂದ ಹನಿಹನಿಯಾಗಿ ಬರುತ್ತದೆ. ಪ್ಯಾಕಿಂಗ್ ಸವೆದರೆ ಹನಿ ಧಾರೆಯಾಗುತ್ತದೆ. ಅಳಿವೆ ದಾಟುವಾಗ ತೆರೆ ಹೊಡೆದು ಬರುವ ನೀರು, ಮಳೆಯ ನೀರು, ಮಂಜುಗಡ್ಡೆ ಕರಗಿದ ನೀರು, ಮೀನು ತೊಳೆದ ನೀರು ಇವೆಲ್ಲ ಇದರ ಮೇಲೆ ಸೇರತಕ್ಕವು.

ನಮ್ಮ ಕರಾವಳಿಯ ದೋಣಿಗಳ ವೈಶಿಷ್ಟ್ಯ ಇಲ್ಲಿಯೇ ಇದೆ. ಹೊರದೇಶಗಳ ಬಿಲ್ಜ್ ಪಂಪುಗಳಲ್ಲಿ ಬಹಳಷ್ಟನ್ನು ವಿಹಾರ ದೋಣಿಗಳನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಲಾಗಿದೆ. ಆ ದೋಣಿಗಳ ತಳದಲ್ಲಿ ನಿಲ್ಲುವುದು ಬಹುಮಟ್ಟಿಗೆ ತಿಳಿನೀರು. ನಮ್ಮಲ್ಲಿ ಆ ನೀರಿನ ಜೊತೆಗೆ ಮೀನಿನ ಪೊರೆ, ಲೋಳೆ, ನೈಲಾನ್ ಬಲೆಯ ತುಂಡುನೂಲು, ಪ್ಲಾಸ್ಟಿಕ್ ಚೂರು, ಎಂಜಿನ್ ಎಣ್ಣೆ ಎಲ್ಲವೂ ಇರುತ್ತವೆ. ಮೋಟಾರು ಸುಟ್ಟುಹೋಯಿತೆಂದು ಅಂಗಡಿಗೆ ಮರಳಿ ಬರುವ ಪಂಪನ್ನು ಬಿಚ್ಚಿ ನೋಡಿದರೆ, ಒಳಗಿನ ಚಕ್ರಕ್ಕೆ ಬಲೆಯ ನೂಲು ಬಿಗಿಯಾಗಿ ಸುತ್ತಿಕೊಂಡಿರುವುದನ್ನು ಎಷ್ಟೋ ಸಲ ಕಾಣಬಹುದು. ಆದ್ದರಿಂದ ಪಂಪಿನ ಬುಡದ ಜಾಲರಿಯನ್ನು ಕೈಯಿಂದಲೇ, ಉಪಕರಣವಿಲ್ಲದೆ ಬಿಚ್ಚಿ ತೊಳೆಯಲು ಬರುವುದೇ ಎಂಬುದನ್ನು ಬೆಲೆ ಕೇಳುವುದಕ್ಕಿಂತ ಮೊದಲು ನೋಡಬೇಕು.

ಗ್ಯಾಲನ್ ಲೆಕ್ಕದ ಒಳಗುಟ್ಟು

ಡಬ್ಬಿಯ ಮೇಲೆ 500, 1100, 2000 ಎಂದು ಮುದ್ರಿಸಿರುವ ಅಂಕಿಯು ಸಾಮಾನ್ಯವಾಗಿ ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಎಂಬುದನ್ನು ಸೂಚಿಸುತ್ತದೆ. ಅಮೆರಿಕನ್ ಗ್ಯಾಲನ್ ಎಂದರೆ 3.785 ಲೀಟರ್. ನಮ್ಮ ಹಿರಿಯರು ಬಲ್ಲ ಬ್ರಿಟಿಷ್ ಗ್ಯಾಲನ್ 4.546 ಲೀಟರಿನದು. ಗ್ರಾಹಕ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ಆರಂಭದಲ್ಲಿಯೇ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚಿಗೆ ಎಣಿಸಿದಂತಾಗುತ್ತದೆ. 2000 ಗ್ಯಾಲನ್ನಿನ ಪಂಪು ಎಂದರೆ ಗಂಟೆಗೆ 7,570 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 126 ಲೀಟರ್.

ಈ 126 ಲೀಟರ್ ಸಹ ದೋಣಿಯಲ್ಲಿ ಸಿಗುವುದಿಲ್ಲ. ಈ ಅಂಕಿಯನ್ನು ಅನೇಕ ತಯಾರಕರು ಪಂಪಿಗೆ ಪೈಪನ್ನೇ ಜೋಡಿಸದೆ, ನೀರನ್ನು ಸ್ವಲ್ಪವೂ ಮೇಲೆತ್ತದೆ, 13.6 ವೋಲ್ಟಿನಲ್ಲಿ ಅಳೆದು ಕೊಡುತ್ತಾರೆ. ಎಂಜಿನ್ ಓಡುತ್ತ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಮಾತ್ರ ಸಿಗುವ ವೋಲ್ಟೇಜ್ ಅದು. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿರುವುದು ಹನ್ನೆರಡು, ಹನ್ನೆರಡೂವರೆ. ದೋಣಿಯೊಳಗೆ ನೀರನ್ನು ಮೀಟರು, ಒಂದೂವರೆ ಮೀಟರು ಎತ್ತಬೇಕು; ಪೈಪಿನ ಉದ್ದ, ತಿರುವುಗಳು, ಒಳಮೈಯ ಒರಟುತನ ಎಲ್ಲವೂ ಹರಿವನ್ನು ಕುಗ್ಗಿಸುತ್ತವೆ. ಇಷ್ಟಾದ ಮೇಲೆ ಉಳಿಯುವುದು ನಮೂದಿಸಿದ ಅಂಕಿಯ ಅರ್ಧ ಎಂದು ಹಿಡಿದುಕೊಂಡರೆ ವ್ಯವಹಾರದಲ್ಲಿ ಮೋಸ ಹೋಗುವ ಸಂಭವ ಕಡಿಮೆ. ಒಳ್ಳೆಯ ತಯಾರಕರು ಎತ್ತರಕ್ಕೆ ತಕ್ಕಂತೆ ಹರಿವು ಎಷ್ಟು ಇಳಿಯುತ್ತದೆಂಬ ಪಟ್ಟಿಯನ್ನು ಡಬ್ಬಿಯೊಳಗೆ ಕೊಡುತ್ತಾರೆ. ಅಂತಹ ಪಟ್ಟಿಯೇ ಇಲ್ಲದ ಪಂಪಿನ ಅಂಕಿಯನ್ನು ಜಾಹೀರಾತೆಂದು ತಿಳಿಯುವುದು ಲೇಸು.

ಇನ್ನು ಅಗತ್ಯದ ಲೆಕ್ಕ. ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ ದೋಣಿಯ ಮೈಯಲ್ಲಿ 25 ಮಿಲಿಮೀಟರಿನ, ಅಂದರೆ ಒಂದು ಇಂಚಿನ, ಒಂದು ತೂತು ಬಿತ್ತೆಂದು ಭಾವಿಸೋಣ. ನೀರಿನ ಪೈಪು ಬಿಗಿತ ಕಳೆದುಕೊಂಡು ಕಳಚಿದರೆ ಇದೇ ಸ್ಥಿತಿ. ಆ ಆಳದಲ್ಲಿ ನೀರು ಒಳನುಗ್ಗುವ ವೇಗ ಸೆಕೆಂಡಿಗೆ ಸುಮಾರು 3.4 ಮೀಟರ್. ತೂತಿನ ಅಂಚಿನಲ್ಲಿ ಧಾರೆ ಸಣ್ಣದಾಗುವುದನ್ನು ಕಳೆದರೂ ಸೆಕೆಂಡಿಗೆ ಒಂದು ಲೀಟರ್, ನಿಮಿಷಕ್ಕೆ 60 ಲೀಟರ್ ನೀರು ಒಳಬರುತ್ತದೆ. ಮೇಲೆ ಹೇಳಿದ 2000 ಗ್ಯಾಲನ್ನಿನ ಪಂಪು ದೋಣಿಯಲ್ಲಿ ವಾಸ್ತವವಾಗಿ ಹೊರಹಾಕುವುದು 63 ಲೀಟರ್. ಅಲ್ಲಿಂದಲ್ಲಿಗೆ ಸರಿ! ಅದೇ ತೂತಿಗೆ 500 ಗ್ಯಾಲನ್ನಿನ ಪಂಪನ್ನು ನೆಚ್ಚಿಕೊಂಡರೆ ಹೊರಹೋಗುವುದು 16 ಲೀಟರ್. ಪ್ರತಿ ನಿಮಿಷವೂ 44 ಲೀಟರ್ ದೋಣಿಯೊಳಗೇ ಉಳಿಯುತ್ತದೆ. ತೂತು ಎರಡು ಇಂಚಿನದಾದರೆ ಒಳಬರುವ ನೀರು ಎರಡು ಪಟ್ಟಲ್ಲ, ನಾಲ್ಕು ಪಟ್ಟು: ನಿಮಿಷಕ್ಕೆ 240 ಲೀಟರ್. ಅದನ್ನು ತಡೆಯುವ ಶಕ್ತಿ ಸಣ್ಣ ದೋಣಿಯ ಯಾವ ಬ್ಯಾಟರಿ ಪಂಪಿಗೂ ಇಲ್ಲ. ಪಂಪು ಅಲ್ಲಿ ಕೊಡುವುದು ತೂತನ್ನು ಹುಡುಕಿ ಮುಚ್ಚಲು ಬೇಕಾದ ಕೆಲವು ನಿಮಿಷಗಳ ಕಾಲಾವಕಾಶವನ್ನು ಮಾತ್ರ. ಆದಕಾರಣ ದೋಣಿಯ ಮೈಯನ್ನು ಕೊರೆದು ಪೈಪು ಜೋಡಿಸಿದ ಪ್ರತಿಯೊಂದು ಜಾಗದಲ್ಲಿಯೂ ಆಯಾ ಅಳತೆಯ ಮೆದು ಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಡತಕ್ಕದ್ದು. ಕೆಲವೇ ರೂಪಾಯಿಗಳ ಈ ಬೆಣೆಯನ್ನು ಪಂಪಿನೊಡನೆ ಕೊಡುವ ಪದ್ಧತಿಯನ್ನು ನಮ್ಮ ವರ್ತಕರು ಏಕೆ ಆರಂಭಿಸಬಾರದು?

ಯಾವ ಬಗೆಯ ಪಂಪು?

ಹೆಚ್ಚು ಮಾರಾಟವಾಗುವುದು ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಸೆಂಟ್ರಿಫ್ಯೂಗಲ್ ಪಂಪು. ರಚನೆ ಸರಳ, ಬೆಲೆ ಮಿತ, ಹರಿವು ಹೆಚ್ಚು. ಆದರೆ ಇದು ತಾನಾಗಿ ನೀರನ್ನು ಹೀರಿಕೊಳ್ಳದು, ನೀರಿನೊಳಗೇ ಇರಬೇಕು. ಡಯಾಫ್ರಮ್ ಪಂಪಿನ ಹರಿವು ಕಡಿಮೆ. ಆದರೆ ಅದು ಎತ್ತರದಲ್ಲಿ, ಒಣ ಜಾಗದಲ್ಲಿ ಕುಳಿತು ಕೆಳಗಿನ ನೀರನ್ನು ಹೀರಬಲ್ಲದು, ಆದ್ದರಿಂದ ಮೋಟಾರು ಉಪ್ಪುನೀರಿನಿಂದ ದೂರವಿರುತ್ತದೆ. ಅದರ ರಬ್ಬರಿನ ಕವಾಟದಡಿ ಒಂದು ಮೀನಿನ ಪೊರೆ ಸಿಕ್ಕಿಕೊಂಡರೂ ಹೀರುವಿಕೆ ನಿಲ್ಲುವುದರಿಂದ ಮುಂದುಗಡೆ ಜಾಲರಿ ಡಬ್ಬಿ ಕಡ್ಡಾಯ. ಎಂಜಿನ್ನಿಗೆ ಬೆಲ್ಟ್ ಮೂಲಕ ಜೋಡಿಸುವ ರಬ್ಬರ್ ಚಕ್ರದ ಪಂಪು ಬಲಿಷ್ಠವಾದುದು. ಆದರೆ ನೀರಿಲ್ಲದೆ ಒಣಗಿ ತಿರುಗಿದರೆ ಅದರ ಚಕ್ರ ಅಲ್ಪ ಕಾಲದಲ್ಲಿಯೇ ಹರಿದುಹೋಗುತ್ತದೆ. ಬಿಲ್ಜ್ ನೀರಿನಲ್ಲಿ ಎಣ್ಣೆ ಇರುವಲ್ಲಿ ನಿಯೋಪ್ರೀನ್ ಚಕ್ರ ಉಬ್ಬುತ್ತದೆ; ನೈಟ್ರೈಲ್ ಚಕ್ರವನ್ನೇ ಕೇಳಿ ತರಿಸಬೇಕು. ಬಿಡಿಭಾಗ ಮಾರುವವರು ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವುದು ಸರಿಯಲ್ಲ.

ಕೃಷಿ ಔಷಧ ಸಿಂಪಡಿಸುವ ಬ್ಯಾಟರಿ ಯಂತ್ರದ 12 ವೋಲ್ಟ್ ಪಂಪನ್ನು ಅಗ್ಗವೆಂದು ದೋಣಿಗೆ ಕೂರಿಸುವ ಪ್ರಯೋಗಗಳೂ ಉಂಟು. ಅದರ ಹರಿವು ನಿಮಿಷಕ್ಕೆ ಕೆಲವೇ ಲೀಟರ್. ಉಪ್ಪುನೀರಿಗಾಗಿ ಮಾಡಿದ್ದೂ ಅಲ್ಲ. ಅದನ್ನು ದೋಣಿಗೆಂದು ಕೇಳಿದ ಗ್ರಾಹಕನಿಗೆ ಬೇಡವೆನ್ನುವುದೇ ವ್ಯಾಪಾರಧರ್ಮ.

ಎಷ್ಟೇ ವಿದ್ಯುತ್ ಪಂಪುಗಳಿದ್ದರೂ ಒಂದು ಕೈಪಂಪು ಇರಲೇಬೇಕು. ನೀರು ಬ್ಯಾಟರಿಯ ಮಟ್ಟ ಮುಟ್ಟಿದ ಮೇಲೆ ಉಳಿಯುವುದು ಅದೊಂದೇ. ಚುಕ್ಕಾಣಿ ಹಿಡಿದವನ ಕೈಗೆಟುಕುವಲ್ಲಿ ಅದನ್ನು ಕೂರಿಸಬೇಕು; ಒಳಗೆಲ್ಲೋ ಬಲೆಯ ರಾಶಿಯ ಅಡಿಯಲ್ಲಿದ್ದರೆ ಇದ್ದೂ ಇಲ್ಲದಂತೆ.

ವಯರಿನ ವಿಷಯ

ಈ ಲೇಖಕನ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಒಬ್ಬ ಬೋಟ್ ಮಾಲಕರು ಒಂದೇ ಹಂಗಾಮಿನಲ್ಲಿ ಎರಡು ಸಲ ಪಂಪನ್ನು ಹಿಂದಿರುಗಿಸಿದರು. "ನಿಮ್ಮ ಪಂಪಿನಲ್ಲಿ ಜೀವವೇ ಇಲ್ಲ ಮಾರಾಯ್ರೆ" ಎಂಬುದು ಅವರ ದೂರು. ಅಂಗಡಿಯ ಬಕೆಟ್ಟಿನಲ್ಲಿಟ್ಟು ಓಡಿಸಿದರೆ ಎರಡೂ ಪಂಪುಗಳು ಚೆನ್ನಾಗಿಯೇ ನೀರು ಎಸೆಯುತ್ತಿದ್ದವು. ಮೂರನೆಯದನ್ನು ಕೊಡುವ ಮುನ್ನ ಮೀಟರ್ ಹಿಡಿದುಕೊಂಡು ಧಕ್ಕೆಗೇ ಹೋದೆವು. ಬ್ಯಾಟರಿಯಲ್ಲಿ 12.4 ವೋಲ್ಟ್ ಇತ್ತು. ಪಂಪು ಓಡುತ್ತಿರುವಾಗ ಅದರ ತುದಿಯಲ್ಲಿ ಸಿಕ್ಕಿದ್ದು 10.3. ಮನೆಯ ದೀಪಕ್ಕೆ ಎಳೆಯುವ ಒಂದು ಚದರ ಮಿಲಿಮೀಟರಿನ ವಯರನ್ನು ಸುಮಾರು ಎಂಟು ಮೀಟರ್ ಎಳೆದಿದ್ದರು. ನಡುವೆ ಎರಡು ಕಡೆ ಕೈಯಿಂದ ಹುರಿಮಾಡಿ ಟೇಪು ಸುತ್ತಿದ ಜೋಡಣೆ; ಟೇಪು ಬಿಚ್ಚಿದರೆ ಒಳಗೆ ಹಸಿರು ಪುಡಿ.

ಲೆಕ್ಕ ಕಷ್ಟದ್ದಲ್ಲ. ಹೋಗುವ ಎಂಟು, ಬರುವ ಎಂಟು, ಒಟ್ಟು 16 ಮೀಟರ್ ತಾಮ್ರ. ಒಂದು ಚದರ ಮಿಲಿಮೀಟರಿನ ತಂತಿಗೆ ಮೀಟರಿಗೆ 0.0175 ಓಮ್‌ನಂತೆ 0.28 ಓಮ್. ಪಂಪು ಎಳೆಯುವ 5 ಆಂಪಿಯರಿಗೆ 1.4 ವೋಲ್ಟ್ ದಾರಿಯಲ್ಲಿಯೇ ಖರ್ಚು. ಉಳಿದದ್ದನ್ನು ಕೊಳೆತ ಜೋಡಣೆಗಳು ತಿಂದವು. ವೋಲ್ಟೇಜ್ ಇಳಿದರೆ ಮೋಟಾರಿನ ವೇಗ ಇಳಿಯುತ್ತದೆ. ಸೆಂಟ್ರಿಫ್ಯೂಗಲ್ ಪಂಪು ನೀರನ್ನು ಎತ್ತಬಲ್ಲ ಎತ್ತರವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೇಗ ಆರರಲ್ಲಿ ಒಂದು ಪಾಲು ಕುಗ್ಗಿದರೆ ಎತ್ತುವ ಶಕ್ತಿ ಸುಮಾರು ಮೂರರಲ್ಲಿ ಒಂದು ಪಾಲು ನಷ್ಟವಾದಂತೆ. ಅದೇ ದೂರಕ್ಕೆ 4 ಚದರ ಮಿಲಿಮೀಟರಿನ ವಯರ್ ಹಾಕಿದಾಗ ನಷ್ಟ ಮೂರನೇ ಒಂದು ವೋಲ್ಟಿನಷ್ಟಕ್ಕೆ, ಅಂದರೆ ಶೇ. 3ರ ಆಸುಪಾಸಿಗೆ ಇಳಿಯಿತು. ಇಂತಹ ಮಹತ್ವದ ಸಂಪರ್ಕಗಳಿಗೆ ಒಪ್ಪಬಹುದಾದ ಮಿತಿ ಅದೇ. ಮೂರನೆಯ ಪಂಪು ಮಾರಾಟವಾಗಲಿಲ್ಲ, ಮೊದಲಿನದೇ ಕೆಲಸ ಮಾಡಿತು. ಎರಡು ತಿಂಗಳ ಕಾಲ ಅಂಗಡಿಗೆ ಬಂದ ಕೆಟ್ಟ ಹೆಸರಿಗೆ ಕಾರಣ ಅಂಗಡಿಯಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆ: "ಬ್ಯಾಟರಿಯಿಂದ ಪಂಪಿಗೆ ಎಷ್ಟು ದೂರ?"

ದೋಣಿಗೆ ತವರ ಲೇಪಿತ ತಾಮ್ರದ ಬಹುಎಳೆಯ ವಯರ್ ಶ್ರೇಷ್ಠ. ಜೋಡಣೆಗಳನ್ನು ಒತ್ತುಕೊಳವೆಯಿಂದ ಬಿಗಿದು, ಒಳಗೆ ಅಂಟಿರುವ ಶಾಖಕ್ಕೆ ಕುಗ್ಗುವ ಹೊದಿಕೆಯಿಂದ ಮುಚ್ಚಿ, ಬಿಲ್ಜ್ ನೀರು ಮುಟ್ಟದಷ್ಟು ಎತ್ತರದಲ್ಲಿ ಇಡಬೇಕು. ಫ್ಯೂಸು ತಯಾರಕರು ಹೇಳಿದ ಅಳತೆಯದೇ ಆಗಿರಲಿ. ಚಕ್ರಕ್ಕೆ ನೂಲು ಸುತ್ತಿ ಮೋಟಾರು ಬಿಗಿದುಕೊಂಡಾಗ ಬೆಂಕಿಯಿಂದ ಕಾಪಾಡುವುದು ಆ ಫ್ಯೂಸೇ; ಪದೇ ಪದೇ ಹೋಗುತ್ತದೆಂದು ದೊಡ್ಡದನ್ನು ಹಾಕುವುದು ಅಪಾಯವನ್ನು ಆಹ್ವಾನಿಸಿದಂತೆ.

ಫ್ಲೋಟ್ ಸ್ವಿಚ್ಚು ಮತ್ತು ಪೈಪು

ನೀರು ಏರಿದಾಗ ತಾನಾಗಿ ಪಂಪನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ಚು ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ. ಅದರ ತೇಲುಗೈಯ ಅಡಿಯಲ್ಲಿ ಕಸ ಸಿಕ್ಕಿಕೊಂಡರೆ ಎರಡು ರೀತಿಯ ಅನರ್ಥ. ಕೆಳಗೇ ಉಳಿದರೆ ಪಂಪು ಓಡುವುದಿಲ್ಲ. ಮೇಲೆಯೇ ಉಳಿದರೆ ಪಂಪು ರಾತ್ರಿಯಿಡೀ ಓಡಿ ಬ್ಯಾಟರಿ ಬರಿದಾಗುತ್ತದೆ, ಬೆಳಿಗ್ಗೆ ಎಂಜಿನ್ ಚಾಲೂ ಆಗುವುದಿಲ್ಲ. ನೂರು ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುರಕ್ಷಿತವಾಗಿ ಬಳಸಬಹುದಾದದ್ದು ಅರ್ಧ. 5 ಆಂಪಿಯರಿನ ಪಂಪಿಗೆ ಅದು ಹತ್ತು ಗಂಟೆಯ ಬುತ್ತಿ. ಸುತ್ತಲೂ ಜಾಲರಿ ಕವಚವಿರುವ ಸ್ವಿಚ್ಚನ್ನೇ ಆರಿಸಬೇಕು. ತೇಲುಗೈಯಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಒಳ್ಳೆಯವೇ ಆದರೂ ಕೆಲವು ಎಣ್ಣೆ-ಲೋಳೆ ಮೆತ್ತಿಕೊಂಡಾಗ ತಪ್ಪು ಸೂಚನೆ ಕೊಡುತ್ತವೆ. ಪೆಟ್ರೋಲ್ ಬಳಸುವ ದೋಣಿಯ ಮುಚ್ಚಿದ ಭಾಗದಲ್ಲಾದರೆ ಪಂಪು, ಸ್ವಿಚ್ಚು ಎರಡೂ ಕಿಡಿ ಹೊರಬೀಳದ ರಚನೆಯವೇ ಆಗಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದೂ ಬಿಲ್ಜಿಗೇ ಇಳಿದು ನಿಲ್ಲುತ್ತದೆ.

ಫ್ಲೋಟ್ ಸ್ವಿಚ್ಚಿನ ಸಂಪರ್ಕವನ್ನು ದೋಣಿಯ ಮುಖ್ಯ ಸ್ವಿಚ್ಚಿನ ಮೂಲಕ ಕೊಡಬಾರದು. ಪ್ರತ್ಯೇಕ ಫ್ಯೂಸಿನೊಡನೆ ನೇರ ಬ್ಯಾಟರಿಯಿಂದ ಕೊಡಬೇಕು. ಇಲ್ಲದಿದ್ದರೆ ತಾಂಡೇಲರು ಸಂಜೆ ಮುಖ್ಯ ಸ್ವಿಚ್ಚು ಆರಿಸಿ ಮನೆಗೆ ಹೋದೊಡನೆ ಪಂಪೂ ಮಲಗಿಬಿಡುತ್ತದೆ. ಇದರ ಜೊತೆಗೆ ಪಂಪು ಓಡುವಾಗ ಉರಿಯುವ ಒಂದು ಸಣ್ಣ ದೀಪ ಮತ್ತು ಪಂಪಿಗಿಂತ ಸ್ವಲ್ಪ ಮೇಲಿನ ಮಟ್ಟದಲ್ಲಿ ಎರಡನೆಯ ಫ್ಲೋಟಿಗೆ ಜೋಡಿಸಿದ ಒಂದು ಬಜರ್ ಇದ್ದರೆ ನೀರು ಮೇಲುಗೈ ಪಡೆಯುತ್ತಿರುವುದು ವೇಳೆಗೆ ಮುನ್ನವೇ ತಿಳಿಯುತ್ತದೆ.

ಪೈಪು ಒಳಮೈ ನುಣುಪಾದದ್ದಿರಲಿ. ಸುರುಳಿ ಮಡಿಕೆಯ ಅಗ್ಗದ ಪೈಪು ಹರಿವನ್ನು ತಿನ್ನುತ್ತದೆ. ನಡುವೆ ಜೋತುಬಿದ್ದ ಪೈಪಿನಲ್ಲಿ ನೀರು ನಿಂತು ಪಂಪಿಗೆ ಗಾಳಿ ಕಟ್ಟುತ್ತದೆ, ಆದ್ದರಿಂದ ಪಂಪಿನಿಂದ ಒಂದೇ ಸಮನೆ ಏರಿಕೆಯಿರಬೇಕು. ಪಂಪು ನಿಂತಾಗ ಪೈಪಿನ ನೀರು ಹಿಂದಕ್ಕೆ ಬರುವುದು ಸಹಜ. 28 ಮಿಲಿಮೀಟರಿನ ಮೂರು ಮೀಟರ್ ಪೈಪಿನಿಂದ ಸುಮಾರು 1.8 ಲೀಟರ್ ಮರಳುತ್ತದೆ. ಕಿರಿದಾದ ಬಿಲ್ಜಿನಲ್ಲಿ ಅಷ್ಟೇ ನೀರು ಫ್ಲೋಟನ್ನು ಮತ್ತೆ ಎತ್ತಿ ಪಂಪು ಪದೇ ಪದೇ ಓಡುವಂತೆ ಮಾಡಬಹುದು. ಇದಕ್ಕೆ ಹಲವರು ಸೂಚಿಸುವ ಪರಿಹಾರ ಹಿಮ್ಮುಖ ತಡೆಯುವ ಕವಾಟ. ನಮ್ಮ ಕೊಳಕು ನೀರಿನಲ್ಲಿ ಆ ಕವಾಟವೇ ಕಸ ಕಚ್ಚಿಕೊಂಡು ಪಂಪನ್ನು ನಿಷ್ಕ್ರಿಯಗೊಳಿಸುವ ಸಾಧ್ಯತೆ ಹೆಚ್ಚು. ಪೈಪನ್ನು ಚಿಕ್ಕದು ಮಾಡಿ, ಫ್ಲೋಟನ್ನು ಎರಡು ಬೆರಳು ಎತ್ತರಿಸುವುದು ಉತ್ತಮ.

ನೀರು ಹೊರಬೀಳುವ ತೂತಿನ ಜಾಗವನ್ನು ದೋಣಿ ಖಾಲಿಯಿದ್ದಾಗ ಗುರುತಿಸುವುದು ಸಾಮಾನ್ಯವಾದ ತಪ್ಪು. ಮೀನು, ಮಂಜುಗಡ್ಡೆ ತುಂಬಿ ಮರಳುವ ದೋಣಿ ಎಷ್ಟೋ ಕೆಳಗೆ ಕುಳಿತಿರುತ್ತದೆ. ವಾಲಿದಾಗ ಇನ್ನೂ ಕೆಳಗೆ. ಆ ತೂತು ಮುಳುಗಿದರೆ ಪಂಪು ನಿಂತ ಕ್ಷಣದಿಂದ ಸಮುದ್ರದ ನೀರು ಅದೇ ಪೈಪಿನಲ್ಲಿ ಒಳಹರಿಯತೊಡಗುತ್ತದೆ. ಪೂರ್ಣ ಭಾರದ ನೀರ್ಗೆರೆಯನ್ನು ಗುರುತಿಸಿ, ಅದಕ್ಕಿಂತ ಸಾಕಷ್ಟು ಮೇಲೆ ಕೊರೆಯಬೇಕು, ಪೈಪನ್ನು ಅದಕ್ಕಿಂತಲೂ ಮೇಲಕ್ಕೆ ಬಳಸಿ ತರಬೇಕು. (ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿ ನಿಲ್ಲುವುದರಿಂದ ಪಕ್ಕದ ಬೋಟಿನವರೊಡನೆ ಜಗಳವಾಗದ ಕಡೆ ಎಂಬುದನ್ನೂ ಸೇರಿಸಬಹುದು.)

ಮಳೆಗಾಲದ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ನದಿಯಲ್ಲಿ, ಬಂದರಿನಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಕಳ್ಳತನದ ಭಯದಿಂದ ಬ್ಯಾಟರಿಯನ್ನು ಬಿಚ್ಚಿ ಮನೆಗೆ ಒಯ್ಯುವವರಿದ್ದಾರೆ. ವರ್ಷದ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿಯೇ ಹೀಗೆ ಪಂಪಿಗೆ ವಿದ್ಯುತ್ತಿಲ್ಲದಂತಾಗುತ್ತದೆ. ಎಂಟು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರೆದ ದೋಣಿಯ ಮೇಲೆ ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಿದ್ದರೆ - ನಮ್ಮ ಕರಾವಳಿಗೆ ಅದು ಅಪರೂಪವಲ್ಲ - ಬೆಳಗಾಗುವಾಗ ಒಳಗೆ 1,600 ಲೀಟರ್, ಅಂದರೆ 1.6 ಟನ್ ನೀರು.

ಇದನ್ನು ಹೊರಹಾಕಲು ದೊಡ್ಡ ಪಂಪು ಬೇಕಿಲ್ಲ. ವಾಸ್ತವದಲ್ಲಿ ನಿಮಿಷಕ್ಕೆ 16 ಲೀಟರ್ ಎಸೆಯುವ 500 ಗ್ಯಾಲನ್ನಿನ ಸಣ್ಣ ಪಂಪು ನೂರು ನಿಮಿಷಗಳಲ್ಲಿ ಆ ಕೆಲಸ ಮುಗಿಸುತ್ತದೆ. ಎರಡರಿಂದ ಮೂರು ಆಂಪಿಯರಿನಂತೆ ಅದಕ್ಕೆ ತಗಲುವುದು ಹೆಚ್ಚೆಂದರೆ 5 ಆಂಪಿಯರ್-ಅವರ್. ಒಂದು ಚಿಕ್ಕ ಬ್ಯಾಟರಿ, ಮೋಡದ ದಿನಗಳನ್ನು ಗಮನದಲ್ಲಿಟ್ಟು ಆರಿಸಿದ 40 ವಾಟ್‌ನಷ್ಟು ಸೌರಫಲಕ, ಚಾರ್ಜ್ ನಿಯಂತ್ರಕ, ಫ್ಲೋಟ್ ಸ್ವಿಚ್ಚು - ಇಷ್ಟನ್ನು ಬೀಗ ಹಾಕಬಹುದಾದ ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಕೊಡುವುದು ನಮ್ಮ ಸಣ್ಣ ಘಟಕಗಳ ಶಕ್ತಿಗೆ ಮೀರಿದ್ದಲ್ಲ. ಕೈಪಂಪು, ಗನ್‌ಮೆಟಲ್ ಕವಾಟ, ಜಾಲರಿ ಡಬ್ಬಿಗಳ ವಿಷಯದಲ್ಲಿಯೂ ಹಾಗೆಯೇ. ಬೆಳಗಾವಿಯ ಎರಕದ ಘಟಕಗಳು ಇರುವ ರಾಜ್ಯದಲ್ಲಿ ಇವು ಹೊರಗಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ತಯಾರಕರು ನೆನಪಿಡಬೇಕಾದದ್ದು ಇಷ್ಟು: ಉಪ್ಪುನೀರಿನಲ್ಲಿ ಸಾಮಾನ್ಯ ಹಿತ್ತಾಳೆಯಿಂದ ಸತು ಕರಗಿಹೋಗಿ ಅದು ಪೊಳ್ಳಾಗುತ್ತದೆ, ಸ್ಕ್ರೂ, ಕ್ಲಿಪ್ಪುಗಳಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ. ಸಣ್ಣ ದೋಣಿಗಳ ವಿದ್ಯುತ್ ಬಿಲ್ಜ್ ಪಂಪುಗಳಿಗೆ ಐಎಸ್‌ಒ 8849, ಇಡೀ ಬಿಲ್ಜ್ ವ್ಯವಸ್ಥೆಗೆ ಐಎಸ್‌ಒ 15083 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ.

ವರ್ತಕರ ಹೊಣೆ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಜುಲೈ 2020ರಲ್ಲಿ ಜಾರಿಗೆ ಬಂದ ಮೇಲೆ ಉತ್ಪನ್ನ ಹೊಣೆಗಾರಿಕೆಯು ಮಾರಾಟಗಾರರನ್ನೂ ತಲುಪಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂಬುದು ನಿಜ; ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುವವರಿಗೆ ಆ ಹೊರತುಪಡಿಕೆ ಅನ್ವಯಿಸದು. ತನ್ನ ದೋಣಿಯಲ್ಲಿ ತಾನೇ ದುಡಿಯುವ ಮೀನುಗಾರ ಹೀಗೆ ಗ್ರಾಹಕನೇ ಆಗುತ್ತಾನೆ. ತಯಾರಕರ ಭರವಸೆಗಿಂತ ಹೊರತಾಗಿ ಮಾರಾಟಗಾರರು ತಾವೇ ಭರವಸೆ ಕೊಟ್ಟು ಅದು ಹುಸಿಯಾದರೆ, ತಯಾರಕರ ಎಚ್ಚರಿಕೆ ಮತ್ತು ಸೂಚನೆಗಳನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ಇಲ್ಲವೇ ತಯಾರಕರು ಯಾರೆಂಬುದೇ ತಿಳಿಯದಿದ್ದರೆ ಹೊಣೆ ಅಂಗಡಿಯವರ ಮೇಲೆ ಬರಬಹುದು. ಹೆಸರು-ವಿಳಾಸವಿಲ್ಲದ ಡಬ್ಬಿಯ ಪಂಪು ಅಗ್ಗವಾಗಿ ಬಂದಾಗ ಈ ಕೊನೆಯ ಮಾತನ್ನು ಗಮನಿಸಬೇಕು. ಆಮದು ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ ಮತ್ತು ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂಬುದು ಕಾನೂನು ಮಾಪನ ನಿಯಮ.

"ದೋಣಿ ಮುಳುಗುವುದಿಲ್ಲ, ನಾನಿದ್ದೇನೆ" ಎಂಬ ಗಲ್ಲಾಪೆಟ್ಟಿಗೆಯ ಮಾತಿಗಿಂತ ಅಂಗಡಿಯಲ್ಲಿ ಒಂದು ಪರೀಕ್ಷೆಯ ವ್ಯವಸ್ಥೆ ಇಟ್ಟುಕೊಳ್ಳುವುದು ಮೇಲು. ಒಂದು 200 ಲೀಟರ್ ಬ್ಯಾರೆಲ್, ಒಂದು ಕಾರಿನ ಬ್ಯಾಟರಿ, ಒಂದೂವರೆ ಮೀಟರ್ ಎತ್ತರದಲ್ಲಿ 20 ಲೀಟರ್ ಬಕೆಟ್, ಒಂದು ಗಡಿಯಾರ ಸಾಕು. ಬಕೆಟ್ ತುಂಬಲು 19 ಸೆಕೆಂಡ್ ಹಿಡಿದರೆ ಹರಿವು ನಿಮಿಷಕ್ಕೆ 63 ಲೀಟರ್. ಆ ಅಂಕಿಯನ್ನು, ಅಳೆದ ವೋಲ್ಟೇಜನ್ನು, ಬೇಕಾದ ವಯರಿನ ದಪ್ಪವನ್ನು, ಫ್ಯೂಸಿನ ಅಳತೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು. ಅದರೊಡನೆ ಒಂದು ಬದಲಿ ಫ್ಲೋಟ್ ಸ್ವಿಚ್ಚು, ಒಂದು ಜಾಲರಿ, ಎರಡು ಫ್ಯೂಸುಗಳನ್ನು ತೋರಿಸಿದರೆ ಹೆಚ್ಚಿನವರು ಕೊಳ್ಳುತ್ತಾರೆ. ಫ್ಲೋಟನ್ನು ವಾರಕ್ಕೊಮ್ಮೆ ಕೈಯಿಂದ ಎತ್ತಿ ಪಂಪು ಓಡುವುದನ್ನು ನೋಡಬೇಕೆಂಬುದನ್ನು ಮಾತ್ರ ಬಾಯಿಮಾತಿನಲ್ಲಿಯೂ ಹೇಳಿಯೇ ಕಳುಹಿಸಬೇಕು. ಬಿಲ್ಲಿನ ಹಿಂಬದಿಯನ್ನು ಎಲ್ಲರೂ ಓದುವುದಿಲ್ಲ.